ಮಗ್ಗ ನಿಂತ ರವಿವಾರ

ನನಗೆ ರಜೆ ಎಂದರೆ ಮಂಚ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ವಾರವೆಲ್ಲ ಬನಹಟ್ಟಿಯಿಂದ ಮುಧೋಳಕ್ಕೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ, ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸಿ, ಮತ್ತೆ ಜೋತಾಡಿಕೊಂಡು ಬರುವವನು ನಾನು. ಎರಡು ದಿನ ಒಟ್ಟಿಗೆ ಬಿಡುವು ಸಿಕ್ಕರೆ ದಪ್ಪನೆಯ ಒಂದು ಕಾದಂಬರಿ, ಎರಡು ದಿಂಬು, ಒಂದು ಬುಟ್ಟಿ ಚುರುಮುರಿ, ಇಷ್ಟಿದ್ದರೆ ಸಾಕು. ಅಂಥ ದಿನ ಯಾರಾದರೂ ಮದುವೆಗೆ ಕರೆದರೆ ಸಿಟ್ಟೇ ಬರುತ್ತದೆ.

ಕಳೆದ ವರ್ಷ ಅಂಥದೊಂದು ಜೋಡಿ ರಜೆ ಬಂತು. ಶನಿವಾರ ಸರಕಾರಿ ರಜೆ, ರವಿವಾರ ಅಮಾವಾಸ್ಯೆ. ಹೆಂಡತಿ ಬೀಳಗಿಯ ತವರಿಗೆ ಹೋಗಿದ್ದಳು. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅವ್ವ. ನಾನು ಮಂಚದ ಮೇಲೆ, ಅವ್ವ ನನ್ನ ಮುಂದೆ ನಾಲ್ಕು ಮಾರು ದೂರದಲ್ಲಿ, ನನಗೆ ಬೆನ್ನು ಮಾಡಿ ಟೀವಿಯ ಎದುರು.

ಅವ್ವ ಧಾರಾವಾಹಿ ನೋಡುವುದನ್ನು ನೋಡಬೇಕು. ನಮ್ಮ ಹಾಗೆ ಒರಗಿ, ಆಕಳಿಸಿ, ನಡುವೆ ಫೋನು ತಿರುವಿ ನೋಡುವುದಲ್ಲ. ನೆಟ್ಟಗೆ ಕೂಡುತ್ತಾಳೆ. ಕಣ್ಣು ಟೀವಿಯ ಮೇಲೆ, ಕೈ ಬುಟ್ಟಿಯಲ್ಲಿ. ಬಳ್ಳೊಳ್ಳಿ ತಾನಾಗಿ ಸುಲಿದುಕೊಳ್ಳುತ್ತಿರುತ್ತದೆ. ವಾರವಿಡೀ ಸಂಜೆ ನಾಲ್ಕು ಧಾರಾವಾಹಿ, ರಜೆ ದಿನ ಅವುಗಳದ್ದೇ ಮಹಾಸಂಚಿಕೆ. ಒಂದು ಕಣ್ಣೀರನ್ನೂ ಅವಳು ಅರ್ಧಕ್ಕೆ ಬಿಟ್ಟವಳಲ್ಲ.

ಆ ಟೀವಿಯ ಮೇಲೆ ನನಗೊಂದು ಹಳೆಯ ಸಿಟ್ಟಿತ್ತು. ಅವ್ವ ಎರಡನೇ ಇಯತ್ತೆಗೇ ಸಾಲಿ ಬಿಟ್ಟು ನೂಲು ಸುತ್ತಲು ಕೂತವಳು. ಬಸ್ಸಿನ ಬೋರ್ಡು ಓದುತ್ತಾಳೆ, ಪುಸ್ತಕದ ಸಣ್ಣ ಅಕ್ಷರ ಅವಳಿಗೆ ಆಗದು. ಆದರೆ ಕತೆಯ ಹಸಿವು ದೊಡ್ಡದು. ನನಗೆ ನೌಕರಿ ಸಿಕ್ಕ ವರ್ಷದಿಂದ ಪ್ರತಿ ರವಿವಾರ ಊಟವಾದ ಮೇಲೆ ನಾನು ಓದುವುದು, ಅವಳು ಕೇಳುವುದು ನಡೆದುಬಂದಿತ್ತು. ನಾನು ಓದಿದ್ದಕ್ಕೆಲ್ಲ ಅವಳು "ಹೂಂ" ಅನ್ನುತ್ತಿದ್ದಳು. ಆ ಹೂಂಗೆ ನೂರು ಬಗೆ. ಲೇಖಕ ಸುಳ್ಳು ಹೇಳಿದ ಕಡೆ ಅವಳ ಹೂಂ ಗಂಟಲಲ್ಲೇ ನಿಂತುಬಿಡುತ್ತಿತ್ತು. ನಾನು ಎಂ.ಎ.ಯಲ್ಲಿ ಕಲಿಯದ ವಿಮರ್ಶೆಯನ್ನು ಆ ಹೂಂನಿಂದ ಕಲಿತಿದ್ದೇನೆ. ಓದು ನಿಲ್ಲಿಸಿದ ಪುಟಕ್ಕೆ ಗುರುತಿಗೆಂದು ಒಂದೆಳೆ ನೂಲು ಅವಳೇ ಇಡುತ್ತಿದ್ದಳು.

ಅದಕ್ಕೂ ಎರಡು ವರ್ಷದ ಹಿಂದೆ, ಒಬ್ಬ ಅಂಬಿಗನ ಕಾದಂಬರಿ ಅರ್ಧ ಆಗಿತ್ತು. ಹೊಳೆ ಏರುತ್ತಿರುವಾಗ ಅಂಬಿಗ ಮದುವೆ ದಿಬ್ಬಣವನ್ನು ದೋಣಿಗೆ ಹತ್ತಿಸಿಕೊಂಡಿದ್ದ. ದೋಣಿ ನಡುನೀರಿಗೆ ಬಂದಿತ್ತು. ಮುಂದಿನ ರವಿವಾರ ಪುಸ್ತಕ ತೆಗೆದರೆ ಅವ್ವ ಕೈಯಾಡಿಸಿದಳು.

"ಸಾಕಪ್ಪಾ, ಇನ್ನ ಓದಬ್ಯಾಡ. ನನಗ ನಿದ್ದಿ ಬರತೈತಿ."

ನಿದ್ದೆ ಬಂದವಳು ಮಲಗಲಿಲ್ಲ, ಟೀವಿ ಹಚ್ಚಿದಳು. ಅದಾದ ಮೇಲೆ ಪುಸ್ತಕದ ಮಾತೇ ಎತ್ತಲಿಲ್ಲ. ಕನ್ನಡ ಮೇಷ್ಟ್ರಾದ ನಾನು ನನ್ನ ಮನೆಯಲ್ಲೇ ಧಾರಾವಾಹಿಯ ಎದುರು ಸೋತಿದ್ದೆ. ಕೆಂಪು ನೂಲಿನ ಗುರುತಿದ್ದ ಆ ಪುಸ್ತಕವನ್ನು ಕಪಾಟಿನ ಮೇಲಿನ ಹಲಗೆಗೆ ಎಸೆದು, ಎರಡು ವರ್ಷ ಮುಖ ಊದಿಸಿಕೊಂಡೇ ಇದ್ದೆ. ಐವತ್ತು ದಾಟಿದವನು ಅವ್ವನ ಮೇಲೆ ಮುನಿಸಿಕೊಳ್ಳುವುದು ಚೆಂದವಲ್ಲ, ಆದರೆ ಮುನಿಸು ವಯಸ್ಸು ಕೇಳುವುದಿಲ್ಲ.

ಅವ್ವನಿಗೂ ನನ್ನ ಮೇಲೊಂದು ತಕರಾರಿತ್ತು. ಅದು ನನ್ನ ಮೀಸೆ. ಆ ವರ್ಷ ಶಾಲೆಯ ಸ್ನೇಹ ಸಮ್ಮೇಳನದ ನಾಟಕದಲ್ಲಿ ಗೌಡನ ಪಾತ್ರಕ್ಕೆಂದು ಬಿಟ್ಟಿದ್ದು, ಎಲ್ಲರೂ ಹೊಗಳಿದರೆಂದು ಹಾಗೇ ಉಳಿಸಿಕೊಂಡೆ. ದಪ್ಪ ಮೀಸೆ, ತುಟಿಯ ಮೇಲೆ ಇಳಿಬಿದ್ದಿತ್ತು. ಹೆಂಡತಿಗೆ ಹಿಡಿಸಿತ್ತು, ಶಾಲೆಯಲ್ಲಿ ಸಿಪಾಯಿ ಕೂಡ ನನ್ನನ್ನು ಕಂಡರೆ ಮೊದಲಿಗಿಂತ ಲಗೂನೆ ಎದ್ದು ನಿಲ್ಲುತ್ತಿದ್ದ. ಅವ್ವ ಮಾತ್ರ ವಾರಕ್ಕೊಮ್ಮೆ ತಪ್ಪದೆ ಹೇಳುತ್ತಿದ್ದಳು.

"ಆ ಮೀಸಿ ತಗಿ. ಬಾಯಿನ ಕಾಣೂದಿಲ್ಲ."

"ನೀ ಟೀವಿ ಬಂದ್ ಮಾಡು, ನಾ ಮೀಸಿ ತಗೀತೇನಿ," ಎಂದು ನಾನು ಮೀಸೆ ತಿರುವಿಕೊಳ್ಳುತ್ತಿದ್ದೆ. ಇಬ್ಬರೂ ಬಗ್ಗಲಿಲ್ಲ.

ಶನಿವಾರ ಹೀಗೇ ಕಳೆಯಿತು. ಗೋಡೆಯ ಆಚೆ ನನ್ನ ತಮ್ಮನ ನಾಲ್ಕು ವಿದ್ಯುತ್ ಮಗ್ಗಗಳು ಮುಂಜಾನೆಯಿಂದ ಬಡಿದುಕೊಳ್ಳುತ್ತಿದ್ದವು. ನಮ್ಮ ಓಣಿಯಲ್ಲಿ ಹುಟ್ಟಿದವರಿಗೆ ಅದು ಸದ್ದೇ ಅಲ್ಲ. ಹೊರಗಿನಿಂದ ಬಂದ ಬೀಗರು ಮಾತ್ರ ಎರಡು ಮಾತಾಡುವಷ್ಟರಲ್ಲಿ ಗಂಟಲು ಹರಿದುಕೊಳ್ಳುತ್ತಾರೆ. ಮಗ್ಗದ ಮನೆಯವರು ಗಂಟಲಿನಿಂದ ಮಾತಾಡುವುದಿಲ್ಲ. ಅಪ್ಪ ಇದ್ದಾಗ ಆ ಮೂಲೆಯ ಮಗ್ಗದಲ್ಲಿ ಅವನು, ಈ ಮೂಲೆಯಲ್ಲಿ ಅವ್ವ. ದನಿ ತೆಗೆಯದೆ, ತುಟಿಯನ್ನಷ್ಟೇ ದೊಡ್ಡದಾಗಿ ಆಡಿಸಿ ಮಾತಾಡುತ್ತಿದ್ದರು. ಚಹಾ ಬೇಕೇ ಅನ್ನುವುದು, ಎಳೆ ಹರಿದಿದೆ ನೋಡು ಅನ್ನುವುದು, ಎಲ್ಲವೂ ಹಾಗೇ. ಜಗಳ ಕೂಡ. ಮಕ್ಕಳಾದ ನಾವು ನಡುವೆ ನಿಂತು, ಯಾರು ಗೆಲ್ಲುತ್ತಾರೆಂದು ಆ ಮುಖದಿಂದ ಈ ಮುಖಕ್ಕೆ ನೋಡುತ್ತಿದ್ದೆವು. ಅವ್ವನೇ ಗೆಲ್ಲುತ್ತಿದ್ದಳು.

ಹಾಗಾಗಿ ಮಗ್ಗದ ಅಬ್ಬರದಲ್ಲಿ ಅವ್ವ ಟೀವಿ ನೋಡಿ ಎಲ್ಲವನ್ನೂ ತಿಳಿದುಕೊಳ್ಳುವುದು ನಮಗೆ ಸೋಜಿಗವಾಗಿರಲಿಲ್ಲ. ಅವಳವೇ ಇನ್ನೂ ಕೆಲವು ಕಾಯ್ದೆಗಳಿದ್ದವು. ಬೆನ್ನ ಹಿಂದಿನಿಂದ ಕರೆಯಬಾರದು, ಅಪಶಕುನ. ಬರೇ ಫೋನಿನಲ್ಲಿ ಮಾತಾಡುವುದಿಲ್ಲ. ಜಮಖಂಡಿಯ ನನ್ನ ತಂಗಿ ವಿಡಿಯೋ ಕಾಲೇ ಮಾಡಬೇಕು. "ಮಾರಿ ಕಾಣದ್ದು ಎಂಥಾ ಮಾತ?" ಅನ್ನುತ್ತಿದ್ದಳು. ಬೇರೆ ಭಾಷೆಯಿಂದ ಕನ್ನಡಕ್ಕೆ ಡಬ್ ಮಾಡಿದ ಧಾರಾವಾಹಿ ಬಂದರೆ ಚಾನೆಲ್ ಬದಲಿಸುತ್ತಿದ್ದಳು. "ಇವರ ಮಾತ ಒಂದೂ ತಿಳಿಯೂದಿಲ್ಲ." ಅವರು ಆಡುವುದು ಸ್ವಚ್ಛ ಕನ್ನಡವೆಂದು ನಾನು ನಗುತ್ತಿದ್ದೆ. ಇದನ್ನೆಲ್ಲ ಹಿರಿಯರ ಚೆಂದದ ಹಟ ಎಂದುಕೊಂಡು ನೆಂಟರಿಷ್ಟರ ಮುಂದೆ ಹೇಳಿ ಹೆಮ್ಮೆಪಡುತ್ತಿದ್ದೆವು.

ರವಿವಾರ ಅಮಾವಾಸ್ಯೆ. ಅಂದು ನಮ್ಮಲ್ಲಿ ಮಗ್ಗ ನಡೆಸುವುದಿಲ್ಲ. ತಮ್ಮ ಮುಂಜಾನೆಯೇ ಮಗ್ಗಗಳ ಧೂಳು ಹೊಡೆದು, ಎಣ್ಣೆ ಹಾಕಿ, ಕಾಯಿ ಒಡೆದು ಹೋದ. ಅವ್ವ ಹೋಳಿಗೆ ಮಾಡಿದಳು. ಉಂಡು ನಾನು ಮಂಚಕ್ಕೆ, ಅವಳು ಟೀವಿಗೆ. ಮಹಾಸಂಚಿಕೆ ಶುರುವಾಯಿತು.

ಅಷ್ಟರಲ್ಲಿ ಬೀಳಗಿಯಿಂದ ಹೆಂಡತಿಯ ಫೋನು ಬಂತು. ಪಕ್ಕದಲ್ಲಿದ್ದ ರಿಮೋಟು ಒತ್ತಿ ಟೀವಿಯ ದನಿ ನಿಲ್ಲಿಸಿದೆ. ಬರುವಾಗ ಏನು ತರಬೇಕು, ಯಾರು ಬಂದಿದ್ದರು, ಎಲ್ಲ ಮುಗಿದು ಫೋನಿಟ್ಟು ಪುಸ್ತಕ ಹಿಡಿದೆ. ಎಂಥ ಸುಖದ ಓದು ಅದು. ಹೊರಗೆ ಒಂದು ಮಗ್ಗವೂ ಇಲ್ಲ, ಇಡೀ ಓಣಿ ಉಂಡು ಮಲಗಿದೆ. ಮೂವತ್ತು ಪುಟ ಒಂದೇ ಗುಕ್ಕಿಗೆ ಸರಿದವು. ಪುಟ ತಿರುವುವಾಗ ಅದರ ಸರಕ್ ಎಂಬ ಸದ್ದು ನನಗೇ ಕೇಳಿಸಿ, ಇಷ್ಟು ನಿಶ್ಶಬ್ದ ಯಾಕೆ ಎಂದು ತಲೆ ಎತ್ತಿದೆ.

ಟೀವಿಯಲ್ಲಿ ಸೊಸೆ ಅಳುತ್ತಿದ್ದಳು. ದನಿ ಇರಲಿಲ್ಲ. ನಾನು ಬಂದ್ ಮಾಡಿದ್ದನ್ನು ಮತ್ತೆ ಹಚ್ಚಲು ಮರೆತಿದ್ದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವ್ವ, ಆವಾಜ ಬ್ಯಾಡೇನ?" ಎಂದೆ. ಉತ್ತರವಿಲ್ಲ. ಮತ್ತೆ ಕರೆದೆ. ಮೂರನೇ ಸಲ ಎದ್ದು ಕೂತು, ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಕರೆದೆ. ಅವ್ವನ ಬೆನ್ನು ಅಲುಗಲಿಲ್ಲ. ಬಳ್ಳೊಳ್ಳಿಯ ಸಿಪ್ಪೆ ಮಾತ್ರ ಬುಟ್ಟಿಗೆ ಬೀಳುತ್ತಿತ್ತು.

ಮಗ್ಗದ ಸದ್ದಿನ ನೆವ ಅಂದು ಇರಲಿಲ್ಲ. ಬೆನ್ನ ಹಿಂದಿನಿಂದ ಕರೆಯಬಾರದೆಂಬ ಅಪಶಕುನ, ಮಾರಿ ಕಾಣದ ಫೋನು, ತಿಳಿಯದ ಡಬ್ಬಿಂಗು, ಎಲ್ಲವೂ ಒಂದೊಂದಾಗಿ ಎದ್ದುಬಂದು ಸಾಲಾಗಿ ನಿಂತವು. ನನ್ನ ಅವ್ವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಯಾವಾಗಿನಿಂದ ಎಂಬುದು ಅದೇ ಮನೆಯಲ್ಲಿ ಉಂಡು ಮಲಗುವ ನನಗೆ ತಿಳಿದಿರಲಿಲ್ಲ.

ಜಾಹೀರಾತು ಬಂದಾಗ ಅವ್ವ ತಿರುಗಿದಳು. ಏನೂ ಆಗದವಳಂತೆ ಕತೆ ಹೇಳಿದಳು. ಗಂಡ ಏನಂದ, ಅವನ ಅಕ್ಕ ಏನು ಕುಟುಕಿದಳು, ಅತ್ತೆ ಬಾಗಿಲಲ್ಲಿ ನಿಂತು ಯಾವ ಮಾತು ನುಂಗಿಕೊಂಡಳು. ನಾನು ತಲೆಯಾಡಿಸಿದೆ. ಅವಳು ಅಡುಗೆಮನೆಗೆ ಎದ್ದುಹೋದಾಗ ಅದೇ ಸಂಚಿಕೆಯನ್ನು ಫೋನಿನಲ್ಲಿ ಹುಡುಕಿ, ಕಿವಿಗೆ ಹಚ್ಚಿ ಕೇಳಿದೆ. ಮಾತಿಗೆ ಮಾತು ಸರಿ ಇತ್ತು. ನಾನು ಮಕ್ಕಳ ಉತ್ತರ ಪತ್ರಿಕೆ ನೋಡುವ ಹಾಗೆ ತಪ್ಪು ಹುಡುಕಿದೆ, ಸಿಗಲಿಲ್ಲ.

ಒಂದೇ ಕಡೆ ಬೇರೆಯಾಗಿತ್ತು. ಸೊಸೆ ಒಲೆಯ ಕಡೆ ಮುಖ ಮಾಡಿ, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಅತ್ತೆಯೊಡನೆ ಮಾತಾಡುವ ದೃಶ್ಯ. ಟೀವಿಯಲ್ಲಿ ಅವಳು ಕ್ಷಮೆ, ಮನೆತನ, ಹೆಣ್ಣಿನ ತಾಳ್ಮೆ ಎಂದು ಎರಡು ನಿಮಿಷ ಭಾಷಣ ಮಾಡಿದ್ದಳು. ತುಟಿ ಕಾಣದ ಆ ಜಾಗದಲ್ಲಿ ಅವ್ವ ತನ್ನ ಮಾತು ಇಟ್ಟಿದ್ದಳು. ಅವಳ ಕತೆಯಲ್ಲಿ ಸೊಸೆ ಕೇಳಿದ್ದು ಇಷ್ಟೇ: "ಉಂಡೀರೇನ್ರೀ ಅತ್ತಿ?"

ನಾನು ಫೋನು ಕೆಳಗಿಟ್ಟೆ. ಇಷ್ಟು ವರ್ಷ ಕತೆ, ಕಾದಂಬರಿ ಎಂದು ಒದ್ದಾಡಿದವನಿಗೆ ಆ ಸಾಲು ಹೊಳೆಯುತ್ತಿರಲಿಲ್ಲ. ನನಗೆ ಅವಳ ಮೇಲೆ ಕನಿಕರ ಬರಬೇಕಿತ್ತು, ಬಂದದ್ದು ಗೌರವ. ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಬಂತೆಂದು ಒಪ್ಪಿಕೊಳ್ಳುತ್ತೇನೆ.

ಇಳಿಹೊತ್ತಿಗೆ ನಮ್ಮ ಮನೆಯ ಕಟ್ಟೆ ತುಂಬುತ್ತದೆ. ವಾರವೆಲ್ಲ ಮಗ್ಗಕ್ಕೆ ನೂಲು ಸುತ್ತುತ್ತ ಧಾರಾವಾಹಿ ತಪ್ಪಿಸಿಕೊಂಡ ಓಣಿಯ ಹೆಂಗಸರು ರವಿವಾರ ಅವ್ವನ ಬಾಯಿಂದ ಕತೆ ಕೇಳಲು ಬರುತ್ತಾರೆ. ಅವ್ವ ಒಳಗಿನ ಕಡೆ ಮುಖ ಮಾಡಿ ಅವರಿಗೆ ಸೊಸೆ ನಡೆದಂತೆ ನಡೆದು ತೋರಿಸುತ್ತಾಳೆ, ಖಳನಾಯಕಿಯ ಹುಬ್ಬು ಏರಿಸುತ್ತಾಳೆ. ಚಿಮ್ಮಡದಿಂದ ಸಂತೆಗೆ ಬಂದ ಒಬ್ಬ ಮುದುಕಿ ಕತೆ ಮುಗಿಯುವ ತನಕ ಎರಡು ಬಸ್ಸು ಬಿಟ್ಟಿದ್ದೂ ಉಂಟು. ಅವ್ವ ಯಾವಾಗಲೂ ಬೀದಿಗೆ ಬೆನ್ನು ಹಾಕಿ ಕೂಡುವುದು ಬಂದವರಿಗೆ ಗಾಳಿ ಬರಲೆಂದು ಎಂದುಕೊಂಡಿದ್ದೆ. ಅಂದು ಬಾಗಿಲಲ್ಲಿ ನಿಂತು ನೋಡಿದೆ. ಬೀದಿಯ ಬೆಳಕು ಪೂರ್ತಿ ಆ ಹೆಂಗಸರ ಮುಖದ ಮೇಲೆ ಬೀಳುತ್ತಿತ್ತು. ಒಬ್ಬೊಬ್ಬರ ತುಟಿಯೂ ನಿಚ್ಚಳವಾಗಿ ಕಾಣುತ್ತಿತ್ತು.

ಕತೆ ಒಲೆಯ ದೃಶ್ಯಕ್ಕೆ ಬಂತು. ಅವ್ವ "ಉಂಡೀರೇನ್ರೀ ಅತ್ತಿ" ಅಂದು ನಿಲ್ಲಿಸಿದಳು. ಕೇಳುತ್ತಿದ್ದವರು ತಲೆದೂಗಿದರು. ಎದುರು ಮನೆಯಾಕೆ ಒಬ್ಬಳು ಮಾತ್ರ ಹುಬ್ಬು ಗಂಟಿಕ್ಕಿದಳು. ಅವಳು ಆ ಸಂಚಿಕೆಯನ್ನು ಅಷ್ಟಿಷ್ಟು ನೋಡಿದ್ದಳಂತೆ.

"ಅಕಿ ಭಾಳ ಮಾತಾಡಿದ್ಲಲ್ಲ ಯಕ್ಕಾ. ಹಂಗೆಲ್ಲಿ ಅಂದ್ಲು?" ಎಂದವಳು ನನ್ನ ಕಡೆ ತಿರುಗಿದಳು. "ಸರ್, ನೀವೂ ನೋಡೀರಲ್ಲ. ಹಂಗ ಅಂದ್ಲೇನ್ರಿ?"

ಅವ್ವನ ಕೈ ತನ್ನದೇ ಮೊಣಕಾಲ ಮೇಲೆ ಬಿಗಿಯಾಯಿತು. ನನ್ನ ಒಂದು ಮಾತಿಗೆ ಆ ಕಟ್ಟೆಯ ಆಟ ಮುಗಿಯುತ್ತಿತ್ತು. ಮುಂದಿನ ವಾರದಿಂದ ಆ ಹೆಂಗಸರು ಬರುತ್ತಿದ್ದರು ನಿಜ, ಆದರೆ ಪಾಪ ಎಂದು ಬರುತ್ತಿದ್ದರು. ಕತೆ ಕೇಳಲು ಅಲ್ಲ, ಜೋರಾಗಿ ಕೂಗಿ ಮಾತಾಡಿಸಲು. ಇಡೀ ಓಣಿಗೆ ಕತೆ ಹೇಳುವವಳು ನಾಳೆ ಓಣಿಯವರು ಹೇಳಿಕೊಳ್ಳುವ ಕತೆಯಾಗುತ್ತಿದ್ದಳು.

"ಹೌದ್ರಿ," ಎಂದೆ. "ಹಂಗ ಅಂದ್ಲು. ನಾನೂ ನೋಡೇನಿ."

ಅವ್ವ ನನ್ನನ್ನು ನೋಡಿದಳು, ಅವಳ ಕಣ್ಣಿಗೆ ಏನೂ ಸಿಗಲಿಲ್ಲ. ಥಟ್ಟನೆ ಎದುರು ಮನೆಯಾಕೆಯ ಮುಖ ನೋಡಿದಳು. ಆಕೆ, "ಹಂಗಂದ್ರ ನಾನ ಮರತೇನಿ ಬಿಡ್ರಿ," ಎಂದಾಗ ಅವ್ವನ ಕೈ ಸಡಿಲಾಯಿತು. ನನ್ನ ಉತ್ತರವನ್ನು ಅವಳು ನನ್ನಿಂದ ತಿಳಿಯಲಿಲ್ಲ, ಬೇರೆಯವರಿಂದ ತಿಳಿದಳು. ಅದು ಯಾಕೆಂದು ಆಗಲೂ ನನ್ನ ಮೊದ್ದು ತಲೆಗೆ ಹೊಳೆಯಲಿಲ್ಲ.

ಹೆಂಗಸರು ಎದ್ದುಹೋದ ಮೇಲೆ ಅವ್ವ ಒಳಗೆ ಬಂದು ನನ್ನ ಎದುರು ಕೂತಳು.

"ನಿನಗ ಗೊತ್ತಾತು," ಎಂದಳು.

ನಾನು ತಲೆಯಾಡಿಸಿದೆ.

"ಟೀವಿ ಮೂಲ್ಯಾಗ ಗೆರಿ ಹೊಡದಿದ್ದ ಚಿತ್ರ ಬಂದಿತ್ತು. ಆವಾಜ ಬಂದ್ ಆದ್ರ ಅದು ಬರತೈತಂತ ನನಗ ಗೊತ್ತೈತಿ. ನೀ ಹಿಂದ ಎದ್ದ ಕುಂತಿದ್ದೂ ಆ ಗಾಜಿನ್ಯಾಗ ಕಂಡಿತು."

"ಮತ್ತ ಯಾಕ ತಿರಗಲಿಲ್ಲ?"

ಅವ್ವ ನನ್ನ ಬಾಯನ್ನೇ ದಿಟ್ಟಿಸಿದಳು. ನಾನು ಇನ್ನೊಮ್ಮೆ, ನಿಧಾನವಾಗಿ ಕೇಳಬೇಕಾಯಿತು.

"ತಿರಗಿದ್ರ ನಿನ್ನ ಮಾರಿ ನೋಡಬೇಕಾಗತಿತ್ತು," ಎಂದಳು. "ಮೂರ ವರ್ಷಾತು ಹಿಂಗ ಆಗಾಕತ್ತಿ. ಮದ್ಲ ಒಂದ ಕಿವಿ, ಆಮ್ಯಾಲ ಎರಡೂ. ಜಮಖಂಡಿ ಡಾಕ್ಟರ ಕಡೆ ಬರತೇನಿ, ಬರೂದಿಲ್ಲ ಅನ್ನೂದಿಲ್ಲ. ಕಟ್ಟಿ ಮ್ಯಾಲ ಮಾತ್ರ ಹೇಳಬ್ಯಾಡ."

ಹೇಳುವುದಿಲ್ಲ ಎಂದೆ. ತಡೆಯಲಾಗದೆ, ಎರಡು ವರ್ಷ ಹೊಟ್ಟೆಯೊಳಗಿಟ್ಟುಕೊಂಡಿದ್ದನ್ನು ಒಂದೊಂದೇ ಮಾತು ಬಿಡಿಸಿ ಕೇಳಿಯೇಬಿಟ್ಟೆ. "ತುಟಿ ನೋಡಿ ಅಷ್ಟು ತಿಳೀತೈತಿ ಅಂದ್ರ, ನಾ ಓದೂದ ಯಾಕ ಬ್ಯಾಡ ಅಂದಿ?"

ಅವ್ವ ಕೈ ಚಾಚಿ, ಬೆರಳಿನಿಂದ ನನ್ನ ಮೀಸೆಯನ್ನು ಮುಟ್ಟಿದಳು.

"ಎಷ್ಟ ಸಲ ಹೇಳೇನಿ," ಎಂದಳು.

ಟೀವಿಯವರಿಗೆ ಮೀಸೆ ಬೋಳಿಸಿದ ನುಣುಪು ಬಾಯಿಗಳಿದ್ದವು, ಅದಕ್ಕೇ ಅವ್ವ ಅವರ ಬಳಿ ಹೋಗಿದ್ದಳು. ಸ್ವಂತ ಮಗನ ಮಾತು ಮನೆಯಲ್ಲಿ ಅವಳಿಗೆ ಎಲ್ಲಕ್ಕಿಂತ ದೂರವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ಕಿವಿಯ ಗುಟ್ಟು ಹೊರಬೀಳುತ್ತದೆಂದು ವಾರಕ್ಕೊಮ್ಮೆ ಮೀಸೆಯನ್ನಷ್ಟೇ ಬೈಯುತ್ತ ಕಾದಿದ್ದಳು. ನಾನು ಅದನ್ನು ತಿರುವುತ್ತ ಮೆರೆದಿದ್ದೆ.

"ಆ ಮದಿವಿ ಮಂದಿ," ಎಂದಳು ಅವ್ವ, ಕಪಾಟಿನ ಮೇಲಿನ ಹಲಗೆಯ ಕಡೆ ನೋಡಿ, "ಎರಡ ವರ್ಷಾತು, ನಡುನೀರಾಗ ಅದಾರ. ದಂಡಿಗೆ ಮುಟ್ಟಿದ್ರೋ ಇಲ್ಲೋ ಅನ್ನೂದ ನನಗ ತಿಳೀವಲ್ತು."

ಟೀವಿಯ ನಾಲ್ಕು ಧಾರಾವಾಹಿಗಳ ನಡುವೆ ಅವಳು ಆ ದೋಣಿಯನ್ನು ಮರೆತಿರಲಿಲ್ಲ. ಕೃಷ್ಣೆಗೆ ಚಿಕ್ಕಪಡಸಲಗಿಯ ಹತ್ತಿರ ರೈತರು ಅಡ್ಡಗಟ್ಟೆ ಕಟ್ಟುವ ಮೊದಲು ತುಂಬು ಹೊಳೆಯನ್ನು ದೋಣಿಯಲ್ಲಿ ದಾಟಿ ಮದುವೆಗೆ ಹೋದವಳು ಅವಳು. ನೀರಿನ ಅಂಜಿಕೆ ಅವಳಿಗೆ ಪುಸ್ತಕದಿಂದ ಬಂದದ್ದಲ್ಲ.

"ನಾಳಿ ಮುಂಜಾನಿ ತಗದಬಿಡತೇನಿ," ಎಂದೆ, ಮೀಸೆ ತೋರಿಸಿ. ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಉಗುರನ್ನೂ ತೆಗೆಯುವುದಿಲ್ಲ. ಬಾಲ್ಯದಲ್ಲಿ ಅಂಥ ಒಂದು ದಿನ ನಾನು ಕೂದಲು ಕತ್ತರಿಸಿಕೊಂಡು ಬಂದದ್ದಕ್ಕೆ ಅವ್ವ ಹಿತ್ತಲಲ್ಲೇ ನಿಲ್ಲಿಸಿ, ಎರಡು ಸಲ ತಲೆಗೆ ನೀರು ಸುರಿದು ಒಳಗೆ ಬಿಟ್ಟಿದ್ದಳು.

ಅವ್ವ ಎದ್ದು ಮಗ್ಗದ ಕೋಣೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಎಳೆ ಕತ್ತರಿಸುವ ಸಣ್ಣ ಕತ್ತರಿ ಇತ್ತು.

"ಅವ್ವ, ಇವತ್ತ ಅಮಾಶಿ."

"ಇರ್ಲಿ," ಎಂದಳು. "ಬಾ ಇಲ್ಲೆ, ಬೆಳಕಿಗೆ."

ಬಾಗಿಲ ಬಳಿ ಕೂಡಿಸಿ, ಗದ್ದ ಎತ್ತಿ ಹಿಡಿದು, ಹರಿದ ಎಳೆ ಒಪ್ಪ ಮಾಡುವ ನಾಜೂಕಿನಲ್ಲಿ ಅವಳೇ ಕತ್ತರಿಸಿದಳು. ಉಳಿದದ್ದನ್ನು ನಾನು ನೀರು ಹಚ್ಚಿ ಬೋಳಿಸಿಕೊಂಡು ಬಂದೆ. ಕನ್ನಡಿಯಲ್ಲಿ ಕಂಡ ಮುಖ ಪೆಚ್ಚುಪೆಚ್ಚಾಗಿತ್ತು. ಹೆಂಡತಿ ಬಂದು ಏನನ್ನುತ್ತಾಳೋ ಎಂಬ ಯೋಚನೆ ಬಂತು, ಹೋಯಿತು.

ಕುರ್ಚಿ ಹತ್ತಿ ಪುಸ್ತಕ ಇಳಿಸಿದೆ. ಧೂಳು ಒರೆಸಿ ತೆರೆದರೆ ಕೆಂಪು ನೂಲು ಇಟ್ಟಲ್ಲೇ ಇತ್ತು. ಅವ್ವ ಎದುರು ಕೂತು ನನ್ನ ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು. ಪುಸ್ತಕವನ್ನು ಎದೆಯಿಂದ ಕೆಳಗೆ ಇಳಿಸಿ ಹಿಡಿದುಕೊಂಡೆ.

ಮೊದಲ ಸಾಲನ್ನು ಎಂದಿನ ದನಿಯಲ್ಲಿ ಓದಿದೆ. ಆಮೇಲೆ ಆ ದನಿ ಯಾರಿಗಾಗಿ ಅನಿಸಿತು. ಸಣ್ಣವನಿದ್ದಾಗ ಮಗ್ಗಗಳ ನಡುವೆ ನಿಂತು ಅಪ್ಪನ ತುಟಿಯಿಂದ ಕಲಿತದ್ದು ಬಾಯಿಗೆ ಬಂತು. ದನಿ ಬಿಟ್ಟು, ತುಟಿಯನ್ನಷ್ಟೇ ಅಗಲವಾಗಿ ಆಡಿಸುತ್ತ ಓದಿದೆ. ಹೊಳೆ ಇನ್ನೂ ಏರುತ್ತಿತ್ತು. ಮದುಮಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಬಿಗನ ಪಕ್ಕಕ್ಕೆ ಬಂದು, ಇನ್ನೊಂದು ಹುಟ್ಟು ಹಿಡಿದಳು.

ಮನೆಯಲ್ಲಿ ಒಂದು ಸದ್ದೂ ಇರಲಿಲ್ಲ. ಅವ್ವ ನನ್ನ ಬಾಯಿಂದ ಕಣ್ಣು ತೆಗೆಯದೆ ಸ್ವಲ್ಪ ಮುಂದಕ್ಕೆ ಬಾಗಿದಳು.

"ಹೂಂ," ಎಂದಳು.